‘ಡೋಂಟ್ ಗಿವ್ ಅಪ್ ಗಿವಿಂಗ್ ಅಪ್’ – ಇದನ್ನ ಗೋಡೆ ಮೇಲೆ ಕನ್ನಡದಲ್ಲಿ ಹೇಗೆ ಬರೆಸೋದು?

ಹೊಸನಗರದ ಆಶಾ ಕಾರ್ಯಕರ್ತೆ

ಎಲ್ಲರಿಗೂ ನಮಸ್ಕಾರ. ಮೇ 31 ತಂಬಾಕು ರಹಿತ ದಿನ. ಅಷ್ಟರೊಳಗೆ ನಮ್ಮೂರ ಹಾಲಿನ ಡೇರಿ ಗೋಡೆಗೆ ಒಂದು ಸಾಲು ಬರೆಸಬೇಕು. ತಡ ಮಾಡಿದರೆ ಮಳೆ ಹಿಡಿಯುತ್ತೆ, ಬಣ್ಣ ಕೂರೋದಿಲ್ಲ.

ನಮ್ಮ ಕಡೆ ಬೀಡಿಗಿಂತ ಕವಳದ ಜೊತೆ ಹಾಕೋ ಹೊಗೆಸೊಪ್ಪೇ ಜಾಸ್ತಿ. ಹೆಂಗಸರೂ ಹಾಕ್ತಾರೆ. ಬಿಡಿ ಅಂತ ಹೇಳಿದರೆ ಬಿಡ್ತಾರೆ, ಇಲ್ಲ ಅನ್ನಲ್ಲ. ಎರಡು ತಿಂಗಳು ಬಿಟ್ಟಿರ್ತಾರೆ. ಗದ್ದೆ ನಾಟಿ ಶುರುವಾಗಿ ದಿನವಿಡೀ ಮಳೆಯಲ್ಲಿ ನಿಂತಾಗ ಪಕ್ಕದವರು ಒಂದು ಎಸಳು ಕೊಡ್ತಾರೆ, ಅಲ್ಲಿಗೆ ಮುಗೀತು. ಆಮೇಲೆ ‘ನನ್ ಕೈಲಿ ಆಗಲ್ಲ ಬಿಡಿ’ ಅಂತ ಕೂತುಬಿಡ್ತಾರೆ. ನನಗೆ ಸಂಕಟ ಆಗೋದು ಅದಕ್ಕೇ. ಅಂಥವರಿಗೆ ಸರಿಯಾಗಿ ಹೊಂದೋ ಮಾತು ಒಂದು ಇಂಗ್ಲಿಷ್ ಭಿತ್ತಿಪತ್ರದಲ್ಲಿ ಸಿಕ್ಕಿತು: ‘ಡೋಂಟ್ ಗಿವ್ ಅಪ್ ಗಿವಿಂಗ್ ಅಪ್’.

ನಾನು ‘ಬಿಡೋದನ್ನ ಬಿಡಬೇಡಿ’ ಅಂತ ಬರೆದು ನಮ್ಮ ಮಾವನವರಿಗೆ ತೋರಿಸಿದೆ. ಅವರು ಐವತ್ತು ವರ್ಷದಿಂದ ಹೊಗೆಸೊಪ್ಪು ಹಾಕೋರು. ‘ಬಿಡಬೇಡಿ ಅಂತ ನೀನೇ ಬರೆದಿದ್ದೀಯಲ್ಲ’ ಅಂದರು. ಅವರು ಓದಿದ್ದು ಹಾಗೆ. ಊರವರೂ ಹಾಗೇ ಓದಿದರೆ ಏನು ಗತಿ?

ಇನ್ನೊಂದು ಪ್ರಶ್ನೆ. ಗಿವ್ ಅಂದರೆ ಕೊಡು, ಅಪ್ ಅಂದರೆ ಮೇಲೆ. ಇವೆರಡೂ ಸೇರಿ ‘ಬಿಡು’ ಹೇಗಾಯ್ತು? ಬುಡ ತಿಳಿದರೆ ಕನ್ನಡದ ಮಾತೂ ಸಿಗಬಹುದು ಅಂತ ಕೇಳ್ತಿದ್ದೇನೆ.

ಆಯನೂರು ಲಾರಿ

ಅಕ್ಕ, ‘ಬಿಟ್ಟಾಕಿ’ ಅಂತ ಬರೆಸಿ. ದೊಡ್ಡ ಅಕ್ಷರದಲ್ಲಿ. ಗಾಡಿಯಲ್ಲಿ ಹೋಗೋರಿಗೂ ಓದೋಕಾಗುತ್ತೆ.

ಶಿವಮೊಗ್ಗ ಬಿ.ಎ.

ಯುದ್ಧದಲ್ಲಿ ಸೋತವರು ಎರಡೂ ಕೈ ಮೇಲೆತ್ತಿ ಶರಣಾಗ್ತಾರಲ್ಲ, ಅದರಿಂದ ಬಂದ ಮಾತು ಅಂತ ನಮಗೆ ಟ್ಯೂಷನ್ನಲ್ಲಿ ಹೇಳಿದ್ದರು. ಆಯುಧ ‘ಕೊಟ್ಟು’ ಕೈ ‘ಮೇಲೆ’ ಮಾಡೋದು. ನಮ್ಮಲ್ಲೂ ‘ಕೈ ಎತ್ತಿಬಿಟ್ಟ’ ಅಂತೀವಿ.

ತೀರ್ಥಹಳ್ಳಿ ನಿವೃತ್ತ ಮೇಷ್ಟ್ರು

ಶರಣಾಗತಿಯಿಂದ ಬಂದದ್ದು ಅನ್ನೋದು ಸರಿ. ಕೈ ಎತ್ತುವುದರಿಂದ ಬಂದದ್ದಲ್ಲ. ಈ ಮಾತಿಗೆ ಸಿಗುವ ಬಹಳ ಹಳೆಯ ಬರಹವೊಂದರಲ್ಲಿ ಕೈ ಎತ್ತುವವರು ಯಾರೂ ಇಲ್ಲ. ಅಲ್ಲಿರುವುದು ಕೋಟೆ.

ಇಂಗ್ಲೆಂಡಿನ ಪೂರ್ವಭಾಗದಲ್ಲಿ ಪೀಟರ್‌ಬರೋ ಅಂತ ಊರಿದೆ. ಅಲ್ಲಿನ ಮಠದ ಸನ್ಯಾಸಿಗಳು ವರ್ಷವರ್ಷದ ಸಂಗತಿಗಳನ್ನು ಬರೆದಿಡುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಬೇರೆ ಕಡೆ ಇಂಗ್ಲಿಷಿನಲ್ಲಿ ಹೀಗೆ ಬರೆಯುವುದು ನಿಲ್ಲುತ್ತ ಬಂತು. ಇಲ್ಲಿ ಮಾತ್ರ 1154ರವರೆಗೆ ನಡೆಯಿತು. ಅದರಲ್ಲಿ 1137ನೇ ವರ್ಷದ ಕೆಳಗೆ ಸ್ಟೀಫನ್ ರಾಜನ ಕಥೆ ಬರುತ್ತದೆ. ಅವನು ಸಾಲ್ಸ್‌ಬರಿಯ ಬಿಷಪ್ ರೋಜರನನ್ನೂ ಲಿಂಕನ್ನಿನ ಬಿಷಪ್ ಅಲೆಕ್ಸಾಂಡರನನ್ನೂ ಚಾನ್ಸಲರನನ್ನೂ ಹಿಡಿಸಿ ಸೆರೆಮನೆಗೆ ಹಾಕಿದ. ಎಲ್ಲಿಯವರೆಗೆ? ‘ತಮ್ಮ ಕೋಟೆಗಳನ್ನು ಬಿಟ್ಟುಕೊಡುವವರೆಗೆ’. ಈ ‘ಬಿಟ್ಟುಕೊಡು’ ಇರುವ ಜಾಗದಲ್ಲಿ ಬರೆದಿರುವುದು ‘ಯಾವೆನ್ ಉಪ್’. ಅದೇ ಇವತ್ತಿನ ‘ಗೇವ್ ಅಪ್’.

ಯಾವೆನ್ ಅನ್ನುವಲ್ಲಿ ‘ಗ’ ಇಲ್ಲ, ‘ಯ’ ಇದೆ. ಇಂಗ್ಲಿಷಿನವರ ಸ್ವಂತ ಉಚ್ಚಾರಣೆ ಅದೇ ಆಗಿತ್ತು. ಇವತ್ತಿನ ‘ಗಿವ್’ನ ಗಟ್ಟಿ ‘ಗ’ ಹಡಗು ಹತ್ತಿ ಬಂದ ಸ್ಕ್ಯಾಂಡಿನೇವಿಯದವರ ಪ್ರಭಾವ. ಪೀಟರ್‌ಬರೋ ಸೀಮೆಯಲ್ಲಿ ಅವರು ಬಂದು ನೆಲೆಸಿದ್ದರು. ಅವರ ನುಡಿಯಲ್ಲೂ ‘ಗೆಫ ಉಪ್ಪ್’ ಅಂದರೆ ಒಪ್ಪಿಸು, ಬಿಟ್ಟುಕೊಡು ಅಂತಲೇ ಅರ್ಥ. ಜರ್ಮನ್ನಿನಲ್ಲಿ ‘ಔಫ್‌ಗೇಬೆನ್’, ಸ್ವೀಡನ್ನಿನವರಲ್ಲಿ ‘ಯೇ ಉಪ್ಪ್’. ಇಡೀ ಬಳಗಕ್ಕೇ ಈ ಜೋಡಿ ಗೊತ್ತು.

ಅದಕ್ಕಿಂತ ಹಿಂದೆ ಇಂಗ್ಲಿಷಿನವರು ಇದೇ ಅರ್ಥಕ್ಕೆ ಕ್ರಿಯಾಪದದ ಮುಂದೆ ಒಂದು ತುಣುಕು ಅಂಟಿಸುತ್ತಿದ್ದರು, ‘ಓಫ್‌ಯಿವನ್’ ಅಂತ. ಸಂಸ್ಕೃತದ ಉಪಸರ್ಗದ ಹಾಗೆ. ಆ ಪದ್ಧತಿ ಕ್ರಮೇಣ ಸವೆದು ತುಣುಕು ಕ್ರಿಯಾಪದದ ಹಿಂದಕ್ಕೆ ಬಂತು, ಬೇರೆ ಪದವಾಗಿ ನಿಂತಿತು. ನಮ್ಮ ಮಕ್ಕಳು ಪರೀಕ್ಷೆಗೆ ಉರು ಹೊಡೆಯುವ ಫ್ರೇಸಲ್ ವರ್ಬ್‌ಗಳ ರಾಶಿಯೆಲ್ಲ ಹೀಗೆ ಬೆಳೆದದ್ದು. ಹೆಸರು ಮಾತ್ರ ಈಚಿನದು. 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ಅನ್ನುವವರು ತಮ್ಮ ಪುಸ್ತಕದಲ್ಲಿ ಬಳಸಿ ಚಲಾವಣೆಗೆ ತಂದರು. 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಸ್ಯಾಮ್ಯುಯೆಲ್ ಜಾನ್ಸನ್, ಹೊರಗಿನವರಿಗೆ ನಮ್ಮ ಭಾಷೆಯಲ್ಲಿ ಅತಿ ಕಷ್ಟವಾಗುವುದು ಇದೇ ಅಂದಿದ್ದಾರೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದೆ. ಆ ಮಾತು ಪ್ರತಿ ವರ್ಷ ನಿಜವಾಗುವುದನ್ನು ಕಂಡಿದ್ದೇನೆ. ‘ಮೇಲೆ ಕೊಟ್ಟನು’ ಅಂತ ಬರೆದ ಮಗುವಿಗೆ ಸೊನ್ನೆ ಹಾಕಲು ನನಗೆ ಯಾವತ್ತೂ ಮನಸ್ಸು ಬರಲಿಲ್ಲ. ಮಗು ಪದಗಳನ್ನು ಸರಿಯಾಗಿಯೇ ಓದಿರುತ್ತದೆ.

ನಗರ ಕೋಟೆ ಪಕ್ಕದವ

ಮೇಷ್ಟ್ರೇ, ಕೋಟೆ ಅಂದ ಕೂಡಲೇ ನಾನು ಸುಮ್ಮನಿರೋಕಾಗಲ್ಲ. ನಮ್ಮ ನಗರದ ಕೋಟೆಯಲ್ಲಿ, ಅಂದರೆ ಹಿಂದಿನ ಬಿದನೂರಲ್ಲಿ, ಇದೇ ಮಾತು ಎರಡು ಸಲ ನಡೆದಿದೆ, ಅದೂ ಒಂದೇ ವರ್ಷದಲ್ಲಿ. ಕೆಳದಿ ಅರಸರ ಕೈಯಿಂದ 1763ರಲ್ಲಿ ಹೈದರ್ ಗೆದ್ದುಕೊಂಡಿದ್ದ. 1782ರ ಡಿಸೆಂಬರಿನಲ್ಲಿ ಅವನು ತೀರಿಕೊಂಡ. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಕರಾವಳಿಯಿಂದ ಹೊಸಂಗಡಿ ಘಾಟಿ ಹತ್ತಿ ಬಂದ. ಹೈದರನೇ ಸಾಕಿ ಇಲ್ಲಿ ಅಧಿಕಾರಿಯಾಗಿ ಇಟ್ಟಿದ್ದ ಅಯಾಜ್ ಕೋಟೆಯನ್ನ ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಕೆಲವೇ ತಿಂಗಳಲ್ಲಿ ಟಿಪ್ಪು ಬಂದು ಮುತ್ತಿಗೆ ಹಾಕಿದ. ಈ ಸಲ ಮ್ಯಾಥ್ಯೂಸ್ ಬಿಟ್ಟುಕೊಟ್ಟ, ಸೆರೆಯಲ್ಲೇ ಸತ್ತ.

ನಾನು ಹೇಳೋಕೆ ಬಂದಿದ್ದು ಏನಂದರೆ, ನಮ್ಮ ‘ಬಿಟ್ಟುಕೊಡು’ ಅನ್ನೋದರಲ್ಲಿ ‘ಕೊಡು’ ಇದೆ. ಇಂಗ್ಲಿಷಿನ ‘ಗಿವ್’ ಕೂಡ ಅದೇ. ಕೋಟೆ ಬೀಗದ ಕೈ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುತ್ತೆ. ಆ ಬಿಷಪ್ಪರ ಕಥೆಯಲ್ಲೂ ಹಾಗೇ ಅಲ್ವಾ?

ತೀರ್ಥಹಳ್ಳಿ ನಿವೃತ್ತ ಮೇಷ್ಟ್ರು

ಹಾಗೇ. ಬುಡದಲ್ಲಿ ತೆಗೆದುಕೊಳ್ಳುವವನು ಒಬ್ಬ ಇದ್ದ. ಆಮೇಲೆ ಮರೆಯಾದ. ನಡುವೆ ‘ಗಿವ್ ಅಪ್ ದಿ ಘೋಸ್ಟ್’ ಅನ್ನುವ ಮಾತಿದೆ, 1611ರ ಇಂಗ್ಲಿಷ್ ಬೈಬಲಿನಲ್ಲಿ ಹಲವು ಕಡೆ ಬರುತ್ತದೆ. ಘೋಸ್ಟ್ ಅಂದರೆ ಅಲ್ಲಿ ದೆವ್ವ ಅಲ್ಲ, ಪ್ರಾಣ. ಪ್ರಾಣವನ್ನು ಕೊಟ್ಟವನಿಗೇ ಹಿಂದಕ್ಕೆ ಒಪ್ಪಿಸಿದ ಅನ್ನುವ ಭಾವ ಅದರಲ್ಲಿ ಇನ್ನೂ ಕಾಣುತ್ತದೆ. ಸಿಗರೇಟು ಗಿವ್ ಅಪ್ ಮಾಡಿದ ಅನ್ನುವಾಗ ಯಾರಿಗೆ ಒಪ್ಪಿಸಿದ? ಯಾರಿಗೂ ಇಲ್ಲ. ಕೊನೆಗೆ ಏನನ್ನು ಅನ್ನುವುದೂ ಉದುರಿಹೋಯಿತು. ಒಗಟು ಬಿಡಿಸಲಾಗದೆ ನಾವು ‘ಸೋತೆ’ ಅನ್ನುವ ಕಡೆ ಅವರು ಬರೀ ‘ಐ ಗಿವ್ ಅಪ್’ ಅನ್ನುತ್ತಾರೆ.

ನಿಮ್ಮ ಭಿತ್ತಿಪತ್ರದ ಸಾಲಿನಲ್ಲಿ ಈ ಎರಡು ಮೆಟ್ಟಿಲೂ ಇವೆ ತಂಗಿ. ಮೊದಲ ಗಿವ್ ಅಪ್ ಕೈಚೆಲ್ಲುವುದು. ಎರಡನೆಯದು ಚಟ ಬಿಡುವುದು. ಕನ್ನಡದಲ್ಲಿ ಎರಡಕ್ಕೂ ‘ಬಿಡು’ ಹಾಕಿದರೆ ನಿಮ್ಮ ಮಾವನವರು ಓದಿದ ಹಾಗೇ ಓದಬೇಕಾಗುತ್ತದೆ.

ಭದ್ರಾವತಿಯಿಂದ

ಗಿವ್ ಇನ್, ಗಿವ್ ಅಪ್ ಎರಡೂ ಒಂದೇನಾ ಸರ್?

ತೀರ್ಥಹಳ್ಳಿ ನಿವೃತ್ತ ಮೇಷ್ಟ್ರು

ಅಲ್ಲ. ಮಗು ಹಟ ಮಾಡಿತು, ಅಪ್ಪ ಮಣಿದ: ಗಿವ್ ಇನ್. ಮಗುವಿಗೆ ಲೆಕ್ಕ ಕಲಿಸಿ ಕಲಿಸಿ ಅಪ್ಪ ಕೈಚೆಲ್ಲಿದ: ಗಿವ್ ಅಪ್. ಮೊದಲನೆಯದಕ್ಕೆ ಎದುರಾಳಿ ಬೇಕೇ ಬೇಕು.

ಶಂಕರಘಟ್ಟದ ಭಾಷಾ ವಿದ್ಯಾರ್ಥಿನಿ

‘ಅಪ್’ ಯಾಕೆ ಅನ್ನೋದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳ್ತೀನಿ. ನನಗೆ ಇದು ಬಹಳ ಪ್ರೀತಿಯ ವಿಷಯ.

ಇಲ್ಲಿ ಅಪ್ ಅಂದರೆ ದಿಕ್ಕು ಅಲ್ಲ. ಪೂರ್ತಿ ಆಯಿತು, ಇನ್ನೇನೂ ಉಳಿದಿಲ್ಲ ಅಂತ ಹೇಳೋ ಗುರುತು. ಈಟ್ ಅಂದರೆ ತಿನ್ನು, ಈಟ್ ಅಪ್ ಅಂದರೆ ತಿಂದುಬಿಡು. ಡ್ರಿಂಕ್ ಅಪ್ ಅಂದರೆ ಕುಡಿದುಬಿಡು. ಬರ್ನ್ ಅಪ್ ಅಂದರೆ ಸುಟ್ಟುಹೋಗು. ಪಾತ್ರೆಗೆ ನೀರು ತುಂಬಿಸಿದರೆ ನೀರು ಮೇಲೇರುತ್ತೆ, ಕಂಠಕ್ಕೆ ಬಂದಾಗ ಕೆಲಸ ಮುಗಿಯುತ್ತೆ. ಮೇಲೆ ಅನ್ನೋದು ಮುಗಿಯಿತು ಅನ್ನೋದರ ಕಡೆ ಜಾರಿದ್ದನ್ನ ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಹಾಗಾಗಿ ‘ಯೀಲ್ಡ್ ಅಪ್’, ‘ಡೆಲಿವರ್ ಅಪ್’ ಅಂತಲೂ ಹೇಳ್ತಾರೆ. ಒಪ್ಪಿಸುವ ಅರ್ಥದ ಹಲವು ಕ್ರಿಯೆಗಳಿಗೆ ಅಪ್ ಅಂಟುತ್ತೆ.

ಈಗ ನೋಡಿ. ಆ ಕೆಲಸಕ್ಕೆ ನಾವು ಏನು ಬಳಸಿದ್ವಿ? ತಿಂದು‘ಬಿಡು’, ಕುಡಿದು‘ಬಿಡು’. ಮುಖ್ಯ ಕ್ರಿಯೆಗೆ ಬಾಲವಾಗಿ ಬಂದಾಗ ‘ಬಿಡು’ ತನ್ನ ಅರ್ಥ ಕಳೆದುಕೊಂಡು ‘ಪೂರ್ತಿ’ ಅಂತ ಮಾತ್ರ ಹೇಳುತ್ತೆ. ಇಂಗ್ಲಿಷಿನ ಅಪ್ ಮಾಡೋ ಕೆಲಸವನ್ನೇ. ಹಾಗಿದ್ದ ಮೇಲೆ ‘ಬಿಟ್ಟುಬಿಡು’ ಅನ್ನೋ ಮಾತಲ್ಲಿ ಮೊದಲ ಬಿಡು ‘ಗಿವ್’ನ ಜಾಗದಲ್ಲಿದೆ, ಎರಡನೇ ಬಿಡು ‘ಅಪ್’ನ ಜಾಗದಲ್ಲಿದೆ. ಒಂದೇ ಪದ ಎರಡು ಸಲ ಬಂದು ಎರಡು ಬೇರೆ ಕೆಲಸ ಮಾಡುತ್ತೆ. ಆಯನೂರಿನ ಅಣ್ಣ ಹೇಳಿದ ‘ಬಿಟ್ಟಾಕು’ ಕೂಡ ಹೀಗೇ: ಬಿಟ್ಟು, ಹಾಕು. ‘ಹಾಕು’ ಅನ್ನೋದರಲ್ಲಿ ಸ್ವಲ್ಪ ಸಿಟ್ಟೂ ಇದೆ, ಎಸೆದ ಹಾಗೆ.

ನಡುವೆ ಸಂದು ಇರೋದೂ ಎರಡು ಭಾಷೆಗೂ ಒಂದೇ. ಗ್ಯಾಸ್ ಸಬ್ಸಿಡಿ ಬಿಟ್ಟುಕೊಡಿ ಅಂತ 2015ರಲ್ಲಿ ಕೇಂದ್ರ ಸರ್ಕಾರ ‘ಗಿವ್ ಇಟ್ ಅಪ್’ ಅಂತ ಅಭಿಯಾನ ಮಾಡಿತ್ತು. ‘ಇಟ್’ ನಡುವೆ ತೂರಬೇಕು, ‘ಗಿವ್ ಅಪ್ ಇಟ್’ ಅಂದರೆ ತಪ್ಪು. ನಾವೂ ‘ಬಿಟ್ಟೇ ಬಿಟ್ಟ’, ‘ಬಿಟ್ಟೂ ಕೊಡಲಿಲ್ಲ’ ಅಂತ ಸಂದಿನಲ್ಲಿ ಏ, ಊ ಸೇರಿಸ್ತೀವಿ.

‘ಬಿಡು’ ತುಂಬ ಹಳೇ ಪದ. ತಮಿಳಿನಲ್ಲಿ ‘ವಿಡು’. ದಂಡು ಬಂದು ಇಳಿದ ಜಾಗ ಬೀಡು. ಸಕ್ರೆಬೈಲಿನ ಆನೆ ಬಿಡಾರ ಇದೆಯಲ್ಲ, ಆ ಬಿಡಾರವೂ ಇದೇ ಬಳಗದ್ದು. ಬಿಡುವು, ಬಿಡುಗಡೆ, ಒಗಟು ಬಿಡಿಸೋದು, ಹಲಸಿನ ತೊಳೆ ಬಿಡಿಸೋದು, ಎಲ್ಲ ಇದರಿಂದಲೇ.

ಶರಾವತಿ ಹಿನ್ನೀರು

ಎಲ್ಲರ ಮಾತೂ ಓದಿದೆ. ‘ಬಿಟ್ಟುಕೊಡು’ ಅನ್ನೋದರ ಬಗ್ಗೆ ನನ್ನದೊಂದು ಮಾತಿದೆ.

ನಮ್ಮದು ಮುಳುಗಡೆ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯ್ತು. ಅಜ್ಜನ ಮನೆ, ಅಡಿಕೆ ತೋಟ, ಗದ್ದೆ ಎಲ್ಲ ನೀರಿನಡಿ ಹೋಯ್ತು. ಅಜ್ಜಿ ಆಗ ಹೊಸದಾಗಿ ಮದುವೆಯಾಗಿ ಬಂದವಳು. ಈಗಲೂ ಮಳೆಗಾಲದಲ್ಲಿ ಪೇಪರಿನಲ್ಲಿ ಎಲ್ಲಕ್ಕಿಂತ ಮೊದಲು ಅವಳು ಕೇಳೋದು ಡ್ಯಾಮಿನ ನೀರಿನ ಮಟ್ಟ. 1819 ಅಡಿಗೆ ತುಂಬುತ್ತೆ. ‘ಎಷ್ಟಾಯ್ತು ಇವತ್ತು?’ ಅಂತಾಳೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೇ ಬಾವಿ ಕಟ್ಟೆ, ಮನೆ ಪಂಚಾಂಗ, ಕರಿ ಬಿದ್ದ ಮರದ ಬುಡಗಳು ಕಾಣ್ತವೆ. ಒಂದು ಸಲ ಕರ್ಕೊಂಡು ಹೋಗಿದ್ವಿ. ಅಡುಗೆಮನೆ ಯಾವ ಕಡೆ ಇತ್ತು ಅಂತ ಕೋಲಿನಲ್ಲಿ ತೋರಿಸಿದಳು, ಅಲ್ಲೇ ಸ್ವಲ್ಪ ಹೊತ್ತು ಕೂತಳು.

ಹೋದ ವರ್ಷ ನಾನು ಒಂದು ಇಂಗ್ಲಿಷ್ ಬರಹ ಓದ್ತಿದ್ದೆ. ಶರಾವತಿ ಕಣಿವೆಯ ಜನ ನಾಡಿನ ಬೆಳಕಿಗಾಗಿ ತಮ್ಮ ಭೂಮಿ ‘ಗೇವ್ ಅಪ್’ ಮಾಡಿದರು ಅಂತ ಇತ್ತು. ಅಜ್ಜಿಗೆ ಕನ್ನಡದಲ್ಲಿ ಹೇಳುವಾಗ ‘ನೀವೆಲ್ಲ ಭೂಮಿ ಬಿಟ್ಟುಕೊಟ್ಟಿರಿ ಅಂತ ಬರೆದಿದ್ದಾರೆ’ ಅಂದೆ. ಅವಳು ತಕ್ಷಣ ಅಂದಳು: ‘ಬಿಟ್ಟುಕೊಟ್ಟಿದ್ದಲ್ಲ ಮಗ, ಬಿಟ್ಟು ಬಂದಿದ್ದು.’

ಆ ಒಂದು ಮಾತು ನನ್ನ ತಲೆಯಿಂದ ಹೋಗೇ ಇಲ್ಲ. ಕೊಡೋಕೆ ಮನಸ್ಸಿರಬೇಕು. ಕೇಳೋನೊಬ್ಬ ಎದುರು ನಿಂತಿರಬೇಕು. ಇವರನ್ನ ಯಾರೂ ಕೇಳಲಿಲ್ಲ. ನೀರು ಬರ್ತಿದೆ ಅಂದರು, ಲಾರಿಗೆ ದನ ಹತ್ತಿಸಿದರು, ಕಾಡಿನ ನಡುವೆ ಇಳಿಸಿದರು.

ತೀರ್ಥಹಳ್ಳಿ ನಿವೃತ್ತ ಮೇಷ್ಟ್ರು

ನಿಮ್ಮ ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ಇಷ್ಟು ವರ್ಷ ಪಾಠ ಮಾಡಿಯೂ ನಾನು ಗಮನಿಸದ ಅಂತರವನ್ನು ಅವರು ಎರಡು ಪದದಲ್ಲಿ ತೋರಿಸಿದ್ದಾರೆ.

ಇಂಗ್ಲಿಷಿನ ‘ಗಿವ್ ಅಪ್’ ಮನಸ್ಸಿತ್ತೋ ಇಲ್ಲವೋ ಹೇಳುವುದಿಲ್ಲ. ಪೀಟರ್‌ಬರೋದ ಆ ಸಾಲಿಗೇ ಹೋಗಿ ನೋಡಿ. ಬಿಷಪ್ಪರು ಸೆರೆಯಲ್ಲಿದ್ದರು. ಕೋಟೆ ಕೊಡದಿದ್ದರೆ ಬಿಡುಗಡೆಯಿಲ್ಲ. ಆದರೂ ಸನ್ಯಾಸಿ ‘ಕೊಟ್ಟರು’ ಅಂತಲೇ ಬರೆದ. ಕಿತ್ತುಕೊಂಡಿದ್ದನ್ನೂ ಮನಸಾರೆ ತ್ಯಜಿಸಿದ್ದನ್ನೂ ಒಂದೇ ಮಾತು ಹೊರುತ್ತ ಬಂದಿದೆ, ಹುಟ್ಟಿನಿಂದ. ಕನ್ನಡದಲ್ಲಿ ಹಾಗಲ್ಲ. ಗ್ಯಾಸ್ ಸಬ್ಸಿಡಿಯನ್ನು ಒಬ್ಬರು ತಾವಾಗಿ ಬೇಡ ಅಂದರೆ ಅದು ಬಿಟ್ಟುಕೊಟ್ಟದ್ದು. ಮುಳುಗಡೆಯವರದು ಬಿಟ್ಟು ಬಂದದ್ದು. ನಿರಾಶೆಯಾದರೆ ಕೈಚೆಲ್ಲುವುದು. ನಂಬಿದವರನ್ನು ನಡುನೀರಿನಲ್ಲಿ ಬಿಟ್ಟರೆ ಕೈಬಿಡುವುದು. ಕಳ್ಳನನ್ನು ಪೊಲೀಸರಿಗೆ ಒಪ್ಪಿಸಿದರೆ ಹಿಡಿದುಕೊಡುವುದು. ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ ಗಿವ್ ಅಪ್ ನಡೆದೀತು. ಅನುವಾದ ಮಾಡುವವರು ಪ್ರತಿ ಸಲ ನಿಂತು ಕೇಳಬೇಕು: ಯಾರಿಗೆ? ಮನಸ್ಸಿತ್ತೇ?

ನಗರ ಕೋಟೆ ಪಕ್ಕದವ

ಹೌದು ಮಾರಾಯ್ರೆ. ಅಯಾಜ್ ಬಿಟ್ಟುಕೊಟ್ಟ ಅಂತ ನಾನು ಬರೆದಿದ್ದು ಸರಿ, ಅವನು ಹೋರಾಡದೆ ಕೊಟ್ಟವನು. ಮ್ಯಾಥ್ಯೂಸ್ ವಿಷಯದಲ್ಲಿ ಆ ಮಾತು ತಪ್ಪು. ಮುತ್ತಿಗೆಯಲ್ಲಿ ಸಿಕ್ಕಿಬಿದ್ದು ಒಪ್ಪಿಸಿದ ಅನ್ನಬೇಕಿತ್ತು.

ಹೊಸನಗರದ ಆಶಾ ಕಾರ್ಯಕರ್ತೆ

ಎಲ್ಲ ಓದಿದೆ, ಎರಡು ಸಲ ಓದಿದೆ. ಶರಾವತಿ ಅಕ್ಕ, ನಮ್ಮೂರಲ್ಲೂ ಮುಳುಗಡೆ ಮನೆಗಳಿವೆ. ನೀವು ಬರೆದಿದ್ದು ಓದಿ ಆ ಮನೆಗಳ ಅಜ್ಜಿಯರೇ ಕಣ್ಮುಂದೆ ಬಂದರು.

ಮೇಷ್ಟ್ರು ಹೇಳಿದ ಹಾಗೆ ಎರಡು ಗಿವ್ ಅಪ್ ಬೇರೆ ಮಾಡಿ ಬರೆದು ನೋಡಿದೆ. ‘ಹೊಗೆಸೊಪ್ಪು ಬಿಡಿ, ಹಟ ಬಿಡಬೇಡಿ.’ ಚೆನ್ನಾಗಿದೆ ಅನ್ನಿಸ್ತು. ಮತ್ತೆ ಮಾವನಿಗೆ ತೋರಿಸಿದೆ. ‘ಹಟ ಮಾಡೋದು ಮಕ್ಕಳು’ ಅಂದರು. ‘ಕೈಚೆಲ್ಲಬೇಡಿ’ ಅಂತಲೂ ಬರೆದೆ. ಅದು ಭಾಷಣದ ಮಾತಿನ ಹಾಗೆ ಕೇಳುತ್ತೆ. ಡೇರಿಗೆ ಬೆಳಿಗ್ಗೆ ಆರು ಗಂಟೆಗೆ ಹಾಲು ತರೋರು ನಿಂತು ಓದೋ ಹಾಗಿರಬೇಕು.

ಶಂಕರಘಟ್ಟದ ಭಾಷಾ ವಿದ್ಯಾರ್ಥಿನಿ

ಅಕ್ಕ, ಇಂಗ್ಲಿಷಿನಲ್ಲಿ ಗಿವ್ ಅಪ್‌ಗೆ ಎದುರು ‘ಟೇಕ್ ಅಪ್’. ಸಿಗರೇಟು ಟೇಕ್ ಅಪ್ ಮಾಡಿದ, ಗಿವ್ ಅಪ್ ಮಾಡಿದ. ನಮ್ಮಲ್ಲಿ ಬಿಡೋದಕ್ಕೆ ಎದುರು ಕೊಡೋದೂ ಅಲ್ಲ, ತಗೊಳ್ಳೋದೂ ಅಲ್ಲ, ಹಿಡಿಯೋದು. ಚಟ ಹಿಡಿಯುತ್ತೆ, ದೆವ್ವ ಹಿಡಿಯುತ್ತೆ, ಮಳೆ ಹಿಡಿಯುತ್ತೆ. ಹಿಡಿದದ್ದು ಬಿಡಬೇಕು. ಆ ಜೋಡಿ ಇಟ್ಟುಕೊಂಡು ಬರೆದರೆ ಸಹಜವಾಗಿ ಬರಬಹುದು. ಇಂಗ್ಲಿಷ್ ಸಾಲಿನ ಆಟವನ್ನ ಕನ್ನಡಕ್ಕೆ ತರಲೇಬೇಕು ಅಂತ ಇಲ್ಲ.

ಆಯನೂರು ಲಾರಿ

ಅಕ್ಕ, ನಾನು ಬೀಡಿ ಬಿಟ್ಟವನು. ಮೂರು ಸಲ ಬಿಟ್ಟು ಮೂರು ಸಲ ಹಿಡಿದೆ. ರಾತ್ರಿ ಆಗುಂಬೆ ಘಾಟಿ ಇಳಿಯುವಾಗ ನಿದ್ದೆ ತಡೆಯೋಕೆ ಅಂತ ಒಂದು ಹಚ್ಚಿದರೆ ಮುಗೀತು, ಮಾರನೇ ದಿನ ಕಟ್ಟು ಜೇಬಲ್ಲಿರೋದು. ಪ್ರತಿ ಸಲನೂ ಮನೆಯವಳ ಮುಖ ನೋಡೋಕೆ ನಾಚಿಕೆ ಆಗೋದು. ಅವಳು ಬೈಯಲಿಲ್ಲ. ‘ಮತ್ತೆ ಹಿಡಿದ್ರಾ? ಸರಿ, ಮತ್ತೆ ಬಿಡಿ’ ಅಂದಳು, ಅಷ್ಟೇ. ಬಾಗಿಲಲ್ಲೇ ನಿಂತು, ಕೈಯಲ್ಲಿ ಪೊರಕೆ ಹಿಡ್ಕೊಂಡು. ನಾಲ್ಕನೇ ಸಲ ಬಿಟ್ಟಿದ್ದು ನಿಂತಿದೆ, ಆರು ವರ್ಷ ಆಯ್ತು.

ಅವಳ ಮಾತನ್ನೇ ಬರೆಸಿ.

ತೀರ್ಥಹಳ್ಳಿ ನಿವೃತ್ತ ಮೇಷ್ಟ್ರು

ಇದೇ ಸರಿ. ‘ಸರಿ’ ಅನ್ನುವುದನ್ನು ಗೋಡೆಯಲ್ಲಿ ತೆಗೆಯಬಹುದು. ‘ಮತ್ತೆ ಹಿಡಿದ್ರಾ? ಮತ್ತೆ ಬಿಡಿ.’ ‘ಹಿಡಿದಿರಾ’ ಅಂತ ಗ್ರಾಂಥಿಕ ಮಾಡಬೇಡಿ. ನಾನು ಮೇಷ್ಟ್ರಾಗಿಯೇ ಹೇಳುತ್ತಿದ್ದೇನೆ.

ಶಿವಮೊಗ್ಗ ಬಿ.ಎ.

ಕೆಳಗೆ ಸಹಾಯವಾಣಿ ನಂಬರ್ ಹಾಕಿಸಿ ಅಕ್ಕ. ತಂಬಾಕು ಬಿಡೋರಿಗೆ ರಾಷ್ಟ್ರೀಯ ಸಹಾಯವಾಣಿ ಇದೆ, 1800-11-2356, ಕರೆ ಉಚಿತ. ಕೈ ಎತ್ತೋ ಕಥೆ ತಪ್ಪು ಅಂತ ತಿಳಿಸಿದ್ದಕ್ಕೆ ಮೇಷ್ಟ್ರಿಗೆ ಧನ್ಯವಾದ. ಟ್ಯೂಷನ್ನಿನ ನೋಟ್ಸಿನಲ್ಲಿ ತಿದ್ದಿಕೊಂಡೆ.

ಹೊಸನಗರದ ಆಶಾ ಕಾರ್ಯಕರ್ತೆ

ನಿನ್ನೆ ಬರೆಸಿದೆವು. ಸುಣ್ಣದ ಗೋಡೆ ಮೇಲೆ ಕಡುನೀಲಿ. ಮೇಲೆ ‘ಹೊಗೆಸೊಪ್ಪು’ ಅಂತ ಸಣ್ಣಕ್ಕೆ, ಅದರ ಕೆಳಗೆ ದೊಡ್ಡದಾಗಿ ‘ಮತ್ತೆ ಹಿಡಿದ್ರಾ? ಮತ್ತೆ ಬಿಡಿ.’ ಅದರಡಿಗೆ ನಂಬರ್. ಆಯನೂರಿನ ಅಣ್ಣ, ನಿಮ್ಮ ಮನೆಯವರಿಗೆ ಹೇಳಿ, ಅವರ ಮಾತು ಇಲ್ಲಿ ಗೋಡೆ ಮೇಲಿದೆ.

ಇವತ್ತು ಬೆಳಿಗ್ಗೆ ಮಾವ ಹಾಲಿನ ಕ್ಯಾನು ಕೆಳಗಿಟ್ಟು ನಿಂತು ಓದಿದರು. ಮನೆಗೆ ಬಂದು ಕೈಕಾಲು ತೊಳೆದು ಕೇಳಿದರು: ‘ಅದು ನನಗೇ ಬರೆಸಿದ್ದಾ?’

ಹೌದು ಮಾವ, ಅಂದೆ.